ಸ್ಪ್ಯಾನಿಷ್ ಟಿಪ್ಪಣಿ: ‘ನಾಳೆ ಬಂದರೆ’ಯಲ್ಲಿ ‘ಬಂದ’ ಯಾಕಿದೆ?

‘ನಾಳೆ ಬಂದರೆ ಹೇಳ್ತೀನಿ’ ಅಂತೀವಿ. ಬರೋದು ನಾಳೆ, ‘ಬಂದ’ ಮಾತ್ರ ಭೂತಕಾಲದ ರೂಪ. ನಮಗೆ ಇದು ಯಾವತ್ತೂ ವಿಚಿತ್ರ ಅನ್ನಿಸಿಲ್ಲ, ಅಲ್ವಾ? ಸ್ಪ್ಯಾನಿಷ್‌ನ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ (ಆಸೆ, ಊಹೆಯ ಮಾತಿಗೆ ಬರುವ ಒಂದು ಕ್ರಿಯಾಪದ ರೂಪ) ಕೂಡ ಹೀಗೇ. ಹುಟ್ಟೋದು ಭೂತಕಾಲದ ರೂಪದಿಂದ, ಹೇಳೋದು ಎಷ್ಟೋ ಸಲ ಇವತ್ತಿನ ಅಥವಾ ನಾಳೆಯ ಮಾತು.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕಿವಿಗೆ ಕೇಳುವ ಹಾಗೆ ಬರೆದಿದ್ದೇನೆ. ಒತ್ತು ಬೀಳುವ ಕಡೆ ದೀರ್ಘ ಹಾಕಿದ್ದೇನೆ.

ರೂಪ ಮಾಡೋದು ಸುಲಭ. ‘ಅವರು ಮಾತಾಡಿದರು’ ಅನ್ನೋದಕ್ಕೆ ‘ಅಬ್ಲಾರೊನ್’. ಕೊನೆಯ ‘ರೊನ್’ ಕಿತ್ತುಹಾಕಿ ನಾನು, ನೀನು, ಅವನು, ನಾವು, ನೀವು, ಅವರು ಅನ್ನೋದಕ್ಕೆ ಕ್ರಮವಾಗಿ ರ, ರಸ್, ರ, ರಮೊಸ್, ರಯ್ಸ್, ರನ್ ಸೇರಿಸಿ. ಅಬ್ಲಾರ, ಅಬ್ಲಾರಸ್ ಹೀಗೆ. ತಿನ್ನು ಅನ್ನುವ ‘ಕೊಮೇರ್’: ಕೊಮ್ಯೇರೊನ್, ಕೊಮ್ಯೇರ. ವಾಸಿಸು ಅನ್ನುವ ‘ಬಿಬೀರ್’: ಬಿಬ್ಯೇರೊನ್, ಬಿಬ್ಯೇರ. ‘ಏರ್’, ‘ಈರ್’ ಅಂತ ಮುಗಿಯುವ ಈ ಎರಡು ಗುಂಪಿಗೂ ಒಂದೇ ಅಚ್ಚು. ಈ ಸೂತ್ರಕ್ಕೆ ಅಪವಾದವೇ ಇಲ್ಲ. ಅನಿಯಮಿತ ಕ್ರಿಯಾಪದಗಳೂ ‘ಅವರು’ ರೂಪ ಗೊತ್ತಿದ್ದರೆ ಇದಕ್ಕೇ ಬಗ್ಗುತ್ತವೆ.

ಕಷ್ಟ ಇರೋದು ಎಲ್ಲಿ ಬಳಸಬೇಕು ಅನ್ನೋದರಲ್ಲಿ. ಕನ್ನಡ ನಮ್ಮನ್ನು ದಾರಿ ತಪ್ಪಿಸೋದೂ ಅಲ್ಲೇ.

‘ನಾನು ಓದಲಿ ಅಂತ ಅಮ್ಮನಿಗೆ ಆಸೆ ಇದೆ.’ ‘ನಾನು ಓದಲಿ ಅಂತ ಅಮ್ಮನಿಗೆ ಆಸೆ ಇತ್ತು.’ ನಮ್ಮ ‘ಓದಲಿ’ ಎರಡು ಕಡೆಯೂ ಜಪ್ಪಯ್ಯ ಅಂದರೂ ಬದಲಾಗಲ್ಲ. ಸ್ಪ್ಯಾನಿಷ್‌ನಲ್ಲಿ ಬದಲಾಗುತ್ತದೆ. ಮೊದಲನೆಯದು ‘ಮಿ ಮಾದ್ರೆ ಕ್ಯೇರೆ ಕೆ ಎಸ್ತೂದ್ಯೆ’. ಎರಡನೆಯದು ‘ಮಿ ಮಾದ್ರೆ ಕೆರೀಅ ಕೆ ಎಸ್ತುದ್ಯಾರ’. ಆಸೆ ಹಿಂದಕ್ಕೆ ಹೋದರೆ ಓದೋದೂ ಅದರ ಜೊತೆ ಹಿಂದಕ್ಕೆ ಹೋಗಬೇಕು. ಇದನ್ನು ನಾನು ತಿಂಗಳುಗಟ್ಟಲೆ ತಪ್ಪು ಬರೆದಿದ್ದೇನೆ. ಮನಸ್ಸಿನಲ್ಲಿ ‘ಓದಲಿ’ ಓಡ್ತಿತ್ತು, ಕೈ ಸುಮ್ನೆ ‘ಎಸ್ತೂದ್ಯೆ’ ಅಂತ ಬರೀತಿತ್ತು.

ಇನ್ನು ‘ಆದರೆ, ಹೋದರೆ’ ವಾಕ್ಯಗಳು. ನಿಜವಾಗಿ ಆಗಬಹುದಾದ ಮಾತಿಗೆ ‘ಸಿ’ (ನಮ್ಮ ‘-ರೆ’ಯ ಕೆಲಸ ಮಾಡುವ ಪದ) ಜೊತೆ ಮಾಮೂಲಿ ವರ್ತಮಾನ ಸಾಕು. ಆಗದ, ಸುಮ್ನೆ ಊಹಿಸಿಕೊಂಡ ಮಾತಿಗೆ ‘ರ’ ರೂಪ ಬೇಕು. ಯಾವುದು ಅಂತ ಅನುಮಾನ ಬಂದರೆ ಕನ್ನಡ ವಾಕ್ಯದ ಕೊನೆ ನೋಡಿ. ‘ಮಾಡ್ತೀವಿ’ ಅಂತ ಮುಗಿದರೆ ವರ್ತಮಾನ. ‘ಮಾಡ್ತಿದ್ವಿ’ ಅಂತ ಮುಗಿದರೆ ‘ರ’. ‘ಅವಳು ಇಲ್ಲೇ ಇದ್ದಿದ್ರೆ ಒಟ್ಟಿಗೆ ಊಟ ಮಾಡ್ತಿದ್ವಿ’: ‘ಸಿ ಬಿಬ್ಯೇರ ಅಕೀ, ಕೊಮೆರೀಅಮೊಸ್ ಹೂಂತೊಸ್’. ಎರಡನೇ ಭಾಗದಲ್ಲಿ ಬಂದ ‘ರೀಅ’ಯನ್ನು ‘ಸಿ’ ಪಕ್ಕಕ್ಕೆ ಎಳೆದು ತರಬೇಡಿ. ಉತ್ತರ ಸ್ಪೇನ್‌ನ ಕೆಲವು ಕಡೆ ಜನ ಹಾಗೆ ಆಡೋದುಂಟು, ಪರೀಕ್ಷೆಯಲ್ಲಿ ಮಾತ್ರ ಅದು ತಪ್ಪೇ.

‘ಹಾಗಿರೋ ಥರ’ ಅನ್ನುವ ‘ಕೊಮೊ ಸಿ’ ಬಂದರೆ ಯೋಚನೆಯೇ ಬೇಡ. ‘ಒಬ್ಬನೇ ಇರೋನ ಥರ ಮಾತಾಡ್ತಾನೆ’: ‘ಆಬ್ಲ ಕೊಮೊ ಸಿ ಬಿಬ್ಯೇರ ಸೋಲೊ’. ಮುಂದಿನ ಕ್ರಿಯಾಪದ ಈಗಿನ ಮಾತಾದರೂ ‘ರ’ ರೂಪವೇ. ‘ಹಾಗಾಗಲಿ’ ಅನ್ನುವ ‘ಒಹಲಾ’ ಜೊತೆ ‘ಎಸ್ತೂದ್ಯೆ’ ಥರದ ರೂಪ, ‘ರ’ ರೂಪ ಎರಡೂ ನಡೆಯುತ್ತವೆ, ಅರ್ಥ ಬೇರೆ. ‘ಒಹಲಾ ಯ್ವೇಬ’ ಅಂದರೆ ಮಳೆ ಬರಲಿ, ಬರಬಹುದು. ‘ಒಹಲಾ ಯೊಬ್ಯೇರ’ ಅಂದರೆ ಮಳೆ ಬಂದ್ರೆ ಚೆನ್ನಾಗಿರ್ತಿತ್ತು, ಆದರೆ ಬರುತ್ತೆ ಅನ್ನೋ ನಂಬಿಕೆ ಕಡಿಮೆ.

ಪುಸ್ತಕದಲ್ಲಿ ‘ಅಬ್ಲಾಸೆ, ಕೊಮ್ಯೇಸೆ’ ಕಂಡರೆ ಗಾಬರಿ ಬೇಡ. ಅದೂ ಇದೇ ಕಾಲ, ಇನ್ನೊಂದು ವೇಷ. ಲ್ಯಾಟಿನ್‌ನ ಎರಡು ಬೇರೆ ರೂಪಗಳು ಬಂದು ಒಂದೇ ಕೆಲಸಕ್ಕೆ ಕೂತಿವೆ, ಅಷ್ಟೇ. ಮಾತಿನಲ್ಲಿ ‘ರ’ ಜಾಸ್ತಿ, ಲ್ಯಾಟಿನ್ ಅಮೆರಿಕದಲ್ಲಂತೂ ಇನ್ನೂ ಜಾಸ್ತಿ. ‘ಸೆ’ ಗುರುತು ಹಿಡಿಯೋಕೆ ಬಂದರೆ ಸಾಕು.

ಸ್ಪ್ಯಾನಿಷ್ ಅಕ್ಷರದಲ್ಲಿ ಬರೆಯುವಾಗ ಒಂದು ಕಡ್ಡಿ (´) ಮರೀಬೇಡಿ. ‘ನಾವು’ ರೂಪದಲ್ಲಿ, ಅಂದರೆ ‘ಅಬ್ಲಾರಮೊಸ್’, ‘ಕೊಮ್ಯೇರಮೊಸ್’ನಲ್ಲಿ, ‘ರಮೊಸ್’ಗೆ ಮುಂಚಿನ ಸ್ವರದ ಮೇಲೆ ಒತ್ತುಗುರುತು ಬೇಕು. ‘ಅಬ್ಲಾರ’ದ ಮೇಲೆ ಬೇಡ. ಅಲ್ಲಿ ಕೊನೆಯ ಸ್ವರದ ಮೇಲೆ ಗುರುತು ಹಾಕಿದಿರೋ, ಅದು ‘ಅಬ್ಲರಾ’ ಆಗಿ ‘ಅವನು ಮಾತಾಡುವನು’ ಅಂತ ಭವಿಷ್ಯಕ್ಕೆ ಹಾರಿಬಿಡುತ್ತದೆ.