ನಗರದ ದೋಣಿ ಸೇವೆ: ಎಷ್ಟು ಬೋಟು ಬೇಕು, ವೇಳೆ ಎಲ್ಲಿ ಸೋರುತ್ತದೆ?

ಉದಾಹರಣೆಗೆ ಕೇರಳದ ಕೊಚ್ಚಿ ವಾಟರ್ ಮೆಟ್ರೋ, ಅಂದರೆ ಬ್ಯಾಟರಿ ಬೋಟುಗಳ ನಗರ ಸಾರಿಗೆಯನ್ನು ತೆಗೆದುಕೊಳ್ಳೋಣ. ಪೂರ್ತಿ ಯೋಜನೆ 38 ಜೆಟ್ಟಿ (ಬೋಟು ನಿಲ್ಲುವ ಕಟ್ಟೆ), 78 ಬೋಟುಗಳದ್ದು. ಆದರೆ 2023ರ ಏಪ್ರಿಲ್‌ನಲ್ಲಿ ಆರಂಭಿಸಿದ್ದು ಹೈಕೋರ್ಟ್–ವೈಪಿನ್, ವೈಟ್ಟಿಲ–ಕಾಕ್ಕನಾಡ್ ಎಂಬ ಎರಡೇ ಮಾರ್ಗ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ದೊಡ್ಡ ಬೋಟಿಗೆ 100 ಜನ ಹಿಡಿಯುತ್ತಾರೆ, ಅರ್ಧದಷ್ಟು ಮಂದಿ ನಿಂತುಕೊಂಡೇ.

ಬೋಟಿನ ಸಂಖ್ಯೆ ಹೊರಡುವುದು ಒಂದು ಸುತ್ತಿನ ವೇಳೆಯಿಂದ. ಒಂದು ಕಲ್ಪಿತ ಲೆಕ್ಕ: ಹೋಗಲು 20 ನಿಮಿಷ, ಬರಲು 20, ಎರಡೂ ದಡದಲ್ಲಿ ಹತ್ತಿಳಿಯಲು ತಲಾ 5, ಚಾರ್ಜಿಂಗ್‌ಗೆ 10, ಒಟ್ಟು 60 ನಿಮಿಷ. 15 ನಿಮಿಷಕ್ಕೊಂದು ಬೋಟು ಬಿಡಬೇಕೆಂದರೆ ನಾಲ್ಕು ಬೋಟು, ರಿಪೇರಿಯ ದಿನಕ್ಕೆ ಮತ್ತೊಂದು. ಗಂಟೆಗೆ ಒಂದು ದಿಕ್ಕಿನಲ್ಲಿ 400 ಜನ. ಆ ಐದನೆಯದನ್ನು ಉಳಿತಾಯವೆಂದು ಕೈಬಿಟ್ಟರೆ ಒಂದು ಬೋಟು ಕೆಟ್ಟ ದಿನ ಕಾಯುವ ವೇಳೆ 20 ನಿಮಿಷಕ್ಕೇರುತ್ತದೆ. ಕಚೇರಿಗೆ ಹೋಗುವವರು ಮರುದಿನ ಬಸ್ಸು ಹತ್ತುತ್ತಾರೆ.

ವೇಗ ಹೆಚ್ಚಿಸಿದರಾಯಿತಲ್ಲ ಎನ್ನುವವರು ಇದನ್ನು ಗಮನಿಸಿ. 3 ಕಿಲೋಮೀಟರ್ ದೂರಕ್ಕೆ 8 ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಸುಮಾರು 12 ನಿಮಿಷ, 10 ನಾಟ್‌ನಲ್ಲಿ ಹತ್ತಕ್ಕೆ ತುಸು ಕಡಿಮೆ. ಉಳಿದದ್ದು ಎರಡೂವರೆ ನಿಮಿಷ. ಬೇಕಾಗುವ ಶಕ್ತಿಯಾದರೋ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಮೋಟಾರಿನ ಹೊರೆ ಬಹುತೇಕ ಇಮ್ಮಡಿ. ಎದ್ದ ಅಲೆ ದಡ ಕೊರೆಯುತ್ತದೆ, ಮೀನುಗಾರರ ಸಣ್ಣ ದೋಣಿಗಳನ್ನು ಅಲುಗಾಡಿಸುತ್ತದೆ. ಅಷ್ಟೇ ವೇಳೆಯನ್ನು ಅಗಲ ಬಾಗಿಲು, ಇಳಿಯುವವರಿಗೂ ಹತ್ತುವವರಿಗೂ ಬೇರೆ ದಾರಿ ಕೊಟ್ಟು ಜೆಟ್ಟಿಯಲ್ಲೇ ಗಳಿಸಬಹುದು. ನಮ್ಮ ಮಟ್ಟಿಗೆ ಹಣ ಹಾಕಬೇಕಾದ ಜಾಗ ಅದೇ.

ಕೊಚ್ಚಿಯಲ್ಲಿ ಕಟ್ಟೆ ನೀರಿನ ಜತೆಗೇ ಏರಿಳಿಯುವ ಪಾಂಟೂನ್, ಅಂದರೆ ತೇಲುವ ವೇದಿಕೆ. ಭರತವಿರಲಿ, ಇಳಿತವಿರಲಿ, ಬೋಟಿನ ನೆಲವೂ ಕಟ್ಟೆಯೂ ಸರಿಸುಮಾರು ಒಂದೇ ಮಟ್ಟ. ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ. ಓರೆಯಾಗುವುದು ದಡದಿಂದ ಪಾಂಟೂನ್‌ಗೆ ಬರುವ ಸೇತುವೆ. 1:12 ಇಳಿಜಾರು (12 ಮೀಟರ್‌ಗೆ ಒಂದು ಮೀಟರ್ ಇಳಿತ) ಮೀರಬಾರದೆಂದರೆ, ನೀರು ಒಂದೂವರೆ ಮೀಟರ್ ಏರಿಳಿಯುವ ಕಡೆ ಅದರ ಉದ್ದ ಕನಿಷ್ಠ 18 ಮೀಟರ್ ಬೇಕು. ನಕ್ಷೆಯಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಕೊಚ್ಚಿಯ ಬೋಟುಗಳ ಬ್ಯಾಟರಿ ಲಿಥಿಯಂ ಟೈಟನೇಟ್ ಎಂಬ ಬಗೆಯದು. ಇದು ಭಾರ, ದುಬಾರಿ. ಆದರೂ ಆರಿಸಿದ್ದಕ್ಕೆ ಕಾರಣ, ಹತ್ತು-ಹದಿನೈದು ನಿಮಿಷದಲ್ಲಿ ಚಾರ್ಜ್ ಆಗುತ್ತದೆ, ಸಾವಿರಾರು ಬಾರಿ ಚಾರ್ಜ್ ಮಾಡಿದರೂ ಬೇಗ ಸೊರಗುವುದಿಲ್ಲ. ಆಪತ್ತಿಗೆ ಡೀಸೆಲ್ ಜನರೇಟರ್ ಇದೆ.

ದಿನನಿತ್ಯದ ಕಾಟ ಹೂಳು ಮತ್ತು ಜಲಕಳೆ. ಕಳೆ, ಹರಿದ ಬಲೆ, ಪ್ಲಾಸ್ಟಿಕ್ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮೋಟಾರ್ ಬಿಸಿಯೇರಿ ನಿಲ್ಲುತ್ತದೆ. ಹೂಳೆತ್ತುವುದನ್ನು ಆರಂಭದ ಖರ್ಚಿನಲ್ಲಿ ಸೇರಿಸಿ ಮರೆಯುವಂತಿಲ್ಲ, ಅದು ವರ್ಷವರ್ಷದ ಬಾಬತ್ತು.

ಮಂಗಳೂರಿನ ನೇತ್ರಾವತಿ, ಗುರುಪುರ ನದಿಗಳಿಗೂ ವಾಟರ್ ಮೆಟ್ರೋ ಪ್ರಸ್ತಾವವಿದೆ. ಅಲ್ಲಿ ಕೊಚ್ಚಿಯ ನಕ್ಷೆಯನ್ನೇ ಇಳಿಸಿದರೆ ಸಾಲದು: ಮಳೆಗಾಲದ ನೆರೆ ಉಬ್ಬರವಿಳಿತದ ಮಟ್ಟ ಮೀರಿ ಏರುತ್ತದೆ, ಮರದ ದಿಮ್ಮಿ ತೇಲಿಬರುತ್ತವೆ. ಪಾಂಟೂನ್ ಹಿಡಿದಿಡುವ ಕಂಬದ ಎತ್ತರವನ್ನು ನೆರೆಯ ಮಟ್ಟ ನೋಡಿಯೇ ನಿಗದಿ ಮಾಡಬೇಕು. ಸೆಳೆತ ಎಷ್ಟಾದರೆ ಸೇವೆ ನಿಲ್ಲಿಸುವುದು ಎಂಬುದೂ ಬೋಟು ಕೊಳ್ಳುವ ಮೊದಲೇ ತೀರ್ಮಾನವಾಗಬೇಕು.