ಅಂಗಾರ ಹಾರುವ ಮುನ್ನ ನಿಂತ ಎರಡು ದಿನ

2024ರ ಏಪ್ರಿಲ್ 9, ಮಂಗಳವಾರ. ನಮ್ಮಲ್ಲಿ ಯುಗಾದಿ. ಮಧ್ಯಾಹ್ನ ಎರಡೂವರೆ, ಹೋಳಿಗೆ ಊಟ ಮುಗಿದು ಕಣ್ಣು ಎಳೆಯುವ ಹೊತ್ತು. ಆಗ ರಷ್ಯಾದ ದೂರದ ಪೂರ್ವದಲ್ಲಿರುವ ಅಮೂರ್ ಪ್ರಾಂತ್ಯದಲ್ಲಿ ಸಂಜೆ ಆರು ಗಂಟೆ. ಅಲ್ಲಿನ ವೊಸ್ತೋಚ್ನಿ ಉಡಾವಣಾ ಕೇಂದ್ರದಲ್ಲಿ ಅಂಗಾರ-ಎ5 ರಾಕೆಟ್ ಹೊಟ್ಟೆ ತುಂಬ ಇಂಧನ ತುಂಬಿಕೊಂಡು ನಿಂತಿತ್ತು. ಆ ಜಾಗದಿಂದ ಅದು ಹಾರಬೇಕಾಗಿದ್ದ ಮೊದಲ ಸಲ. ಇನ್ನೆರಡು ನಿಮಿಷ ಇದೆ ಎನ್ನುವಾಗ ಎಣಿಕೆ ನಿಂತಿತು. ಈ ರಾಕೆಟ್ ಐದು ದೊಡ್ಡ ಕೊಳವೆಗಳ ಗೊಂಚಲು. ಅದರಲ್ಲಿ ನಡುವಿನ ಕೊಳವೆಯ ಆಕ್ಸಿಜನ್ ಟ್ಯಾಂಕಿನೊಳಗೆ ಒತ್ತಡ ಕೊಡುವ ವ್ಯವಸ್ಥೆ ಕೈಕೊಟ್ಟಿತ್ತು.

ಸುದ್ದಿಯಲ್ಲಿ ಇದು ಒಂದು ಸಾಲಿಗೆ ಮುಗಿಯುತ್ತದೆ. ಆದರೆ ಟ್ಯಾಂಕಿಗೆ ಒತ್ತಡ ಏಕೆ ಕೊಡಬೇಕು?

ಎಣ್ಣೆ ಡಬ್ಬಿ ನೆನಪಿಸಿಕೊಳ್ಳಿ. ಒಂದೇ ತೂತು ಮಾಡಿದರೆ ಎಣ್ಣೆ ಗಳಗಳ ಎಂದು ತಡೆತಡೆದು ಬೀಳುತ್ತದೆ. ಆ ಕಡೆ ಇನ್ನೊಂದು ತೂತು ಮಾಡಿದರೆ ಸಲೀಸಾಗಿ ಸುರಿಯುತ್ತದೆ. ಎಣ್ಣೆ ಹೊರಗೆ ಹೋದ ಜಾಗಕ್ಕೆ ಗಾಳಿ ಒಳಗೆ ಬರಬೇಕು, ಅಷ್ಟೇ. ರಾಕೆಟ್‌ನಲ್ಲೂ ಇದೇ ಕಥೆ. ಆದರೆ ಅಂಗಾರದ ಒಂದು ಎಂಜಿನ್ ಸೆಕೆಂಡಿಗೆ 400 ಕಿಲೋಗಿಂತ ಜಾಸ್ತಿ ದ್ರವ ಆಕ್ಸಿಜನ್ ಕುಡಿಯುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಎರಡು ಡ್ರಮ್! ಖಾಲಿಯಾದ ಜಾಗವನ್ನು ಅಷ್ಟೇ ವೇಗವಾಗಿ ಗ್ಯಾಸ್ ತುಂಬದಿದ್ದರೆ ಪಂಪಿಗೆ ದ್ರವ ಸರಿಯಾಗಿ ಸಿಗುವುದಿಲ್ಲ. ತೋಟದ ಪಂಪ್‌ಸೆಟ್ ಗಾಳಿ ಎಳೆದುಕೊಂಡಾಗ ಒದ್ದಾಡುತ್ತದಲ್ವಾ, ಹಾಗೆಯೇ ಇದೂ. ಇಲ್ಲಿ ಆ ಒದ್ದಾಟದ ಕೊನೆ ಸ್ಫೋಟ. ಟ್ಯಾಂಕಿನ ಗೋಡೆಯೂ ತೆಳುವಾದದ್ದು. ಒಳಗಿನ ಒತ್ತಡದ ಆಸರೆ ಇಲ್ಲದಿದ್ದರೆ ನುಗ್ಗಾಗಬಹುದು. ಅದಕ್ಕೇ ಕಂಪ್ಯೂಟರು ಯಾರನ್ನೂ ಕೇಳದೆ ಎಣಿಕೆ ನಿಲ್ಲಿಸಿಬಿಡುತ್ತದೆ.

ಅಂಗಾರ ಅಂದರೆ ನಮಗೆ ಕೆಂಡ. ರಷ್ಯನ್ನರಿಗೆ ಅದು ನದಿ, ಬೈಕಲ್ ಸರೋವರದಿಂದ ಹೊರಗೆ ಹರಿಯುವ ಒಂದೇ ಒಂದು ನದಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದಲ್ಲಿ ಈ ರಾಕೆಟ್ಟಿನ ಯೋಚನೆ ಹುಟ್ಟಿತು. ಬೈಕೊನೂರು ಉಡಾವಣಾ ಕೇಂದ್ರ ಕಜಕಸ್ತಾನದ ಪಾಲಾಗಿತ್ತು. ರಷ್ಯಾ ಅದಕ್ಕೆ ವರ್ಷಕ್ಕೆ 11.5 ಕೋಟಿ ಡಾಲರ್ ಬಾಡಿಗೆ ಕೊಡುತ್ತಿದೆ. ಭಾರ ಹೊರುತ್ತಿದ್ದ ಹಳೆಯ ಪ್ರೋಟಾನ್ ರಾಕೆಟ್ 1965ರಿಂದ ಹಾರುತ್ತಿರುವುದು. ಅದರ ಇಂಧನ ಹೆಪ್ಟೈಲ್ ಭಾರೀ ವಿಷ. ತನ್ನ ನೆಲದ ಮೇಲೆ ಅದು ಬೀಳುವುದಕ್ಕೆ ಕಜಕಸ್ತಾನ ಮತ್ತೆ ಮತ್ತೆ ತಕರಾರು ತೆಗೆದಿದೆ. ಆ ತಕರಾರು ನ್ಯಾಯವಾದದ್ದೇ. ಅಂಗಾರ ಉರಿಸುವುದು ಸೀಮೆಎಣ್ಣೆಯ ಶುದ್ಧ ರೂಪ ಮತ್ತು ಮೈನಸ್ 183 ಡಿಗ್ರಿಗಿಂತ ತಣ್ಣಗಿರುವ ದ್ರವ ಆಕ್ಸಿಜನ್.

ಇದರ ಕಟ್ಟೋಣ ನನಗೆ ತುಂಬ ಇಷ್ಟ. ಒಂದೇ ಥರದ ಐದು ಕೊಳವೆಗಳು, ನಡುವೆ ಒಂದು, ಸುತ್ತ ನಾಲ್ಕು. ಒಂದೊಂದಕ್ಕೆ ಒಂದೇ ಆರ್‌ಡಿ-191 ಎಂಜಿನ್. ಕೊಳವೆಯ ಅಗಲ 2.9 ಮೀಟರ್. ರೈಲಿನಲ್ಲಿ ಸಾಗಿಸಲು ಆಗುವ ಅಳತೆ ಅದು. ಹಗುರ ರಾಕೆಟ್ ಬೇಕಾದರೆ ಒಂದು ಕೊಳವೆ, ಭಾರದ್ದು ಬೇಕಾದರೆ ಐದು. ಐದೂ ಎಂಜಿನ್ ಸೇರಿದರೆ ಹತ್ತಿರ ಹತ್ತಿರ 980 ಟನ್ ಎತ್ತುವ ಬಲ. ರಾಕೆಟ್ಟಿನ ತೂಕ ಸುಮಾರು 770 ಟನ್. ಹೊರಟ ಸ್ವಲ್ಪ ಹೊತ್ತಿಗೆ ನಡುವಿನ ಎಂಜಿನ್ ತನ್ನ ಬಲವನ್ನು ಶೇಕಡಾ 30ರವರೆಗೆ ಇಳಿಸಿಕೊಳ್ಳುತ್ತದೆ. ಪಕ್ಕದ ನಾಲ್ಕು ದುಡಿದು ಖಾಲಿಯಾಗಿ ಕಳಚಿಬಿದ್ದಾಗ, ಉಳಿಸಿಟ್ಟ ಇಂಧನದಿಂದ ನಡುವಿನದು ಪೂರ್ತಿ ಬಲ ಹಾಕಿ ಓಡುತ್ತದೆ.

ಹಾಗಾದರೆ ಇದು ಹೊಸ ರಾಕೆಟ್ಟೇ? ಪೂರ್ತಿ ಹೌದು ಅನ್ನಲಾಗದು. ಇದು ಮೊದಲು ಹಾರಿದ್ದು 2014ರ ಡಿಸೆಂಬರ್ 23ರಂದು, ಉತ್ತರದ ಪ್ಲೆಸೆಟ್ಸ್ಕ್‌ನಿಂದ. 2020 ಮತ್ತು 2021ರಲ್ಲೂ ಅಲ್ಲಿಂದಲೇ ಹಾರಿತು. ಹಾಗಿದ್ದ ಮೇಲೆ ಇನ್ನೊಂದು ಜಾಗ ಏಕೆ?

ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಆ ವೇಗ ಪುಕ್ಕಟೆ ಸಿಗುತ್ತದೆ. ಸಮಭಾಜಕದಲ್ಲಿ ಇದು ಸೆಕೆಂಡಿಗೆ 465 ಮೀಟರ್. ನಮ್ಮ ಶ್ರೀಹರಿಕೋಟಾದಲ್ಲಿ ಸುಮಾರು 450. ಪ್ಲೆಸೆಟ್ಸ್ಕ್ ಇರುವುದು ಹತ್ತಿರ ಹತ್ತಿರ 63 ಡಿಗ್ರಿ ಉತ್ತರದಲ್ಲಿ, ಅಲ್ಲಿ ಸಿಗುವುದು ಬರೀ 210. ವೊಸ್ತೋಚ್ನಿ 52 ಡಿಗ್ರಿಯ ಹತ್ತಿರ, ಅಲ್ಲಿ ಸುಮಾರು 285. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಟಿವಿ, ಸಂಪರ್ಕ ಉಪಗ್ರಹಗಳ ಕಕ್ಷೆ ಸಮಭಾಜಕದ ನೇರ ಮೇಲಿದೆ. ಉತ್ತರದಿಂದ ಹೊರಟಷ್ಟೂ ದಾರಿಯನ್ನು ಹೆಚ್ಚು ಬಗ್ಗಿಸಬೇಕು. ಬಗ್ಗಿಸಲು ಇಂಧನ ಬೇಕು. ಆ ಇಂಧನದ ತೂಕ ಉಪಗ್ರಹದ ಲೆಕ್ಕದಿಂದಲೇ ಕಳೆಯುತ್ತದೆ.

ವೊಸ್ತೋಚ್ನಿ ಅಂದರೆ ಪೂರ್ವದ್ದು ಎಂದರ್ಥ. ಪಕ್ಕದ ಊರಿಗೆ ಈಗ ತ್ಸಿಯೋಲ್ಕೋವ್‌ಸ್ಕಿ ಎಂದು ಹೆಸರು. ರಾಕೆಟ್ಟಿನ ಗಣಿತವನ್ನು 1903ರಲ್ಲೇ ಬರೆದು ಪ್ರಕಟಿಸಿದ ಶಾಲಾ ಮೇಷ್ಟ್ರು ಅವರು. ಅವರ ಹೆಸರಿನ ಊರಿನ ಪಕ್ಕದಲ್ಲೇ, 2015ರಲ್ಲಿ, ಕೇಂದ್ರ ಕಟ್ಟುತ್ತಿದ್ದ ಕೂಲಿಕಾರರು ತಿಂಗಳುಗಟ್ಟಲೆ ಸಂಬಳ ಸಿಗದೆ ಉಪವಾಸ ಕೂರಬೇಕಾಯಿತು. ಅಷ್ಟು ಕಷ್ಟದ ಮೇಲೆ 2016ರ ಏಪ್ರಿಲ್ 28ರಂದು ಅಲ್ಲಿಂದ ಮೊದಲ ಸೊಯೂಜ್ ರಾಕೆಟ್ ಹಾರಿತು. ಅಂಗಾರಕ್ಕೆ ಬೇರೆಯದೇ ಉಡಾವಣಾ ವೇದಿಕೆ ಬೇಕಿತ್ತು. ಅದರ ಉಕ್ಕಿನ ಪೀಠವನ್ನು 2020ರಲ್ಲಿ ಬಿಳಿ ಸಮುದ್ರದ ದಡದ ಸೆವೆರೊದ್ವಿನ್ಸ್ಕ್‌ನಿಂದ ಹಡಗಿಗೆ ಹೇರಿದರು. ಆರ್ಕ್ಟಿಕ್ ಸಮುದ್ರ ಬಳಸಿ ಪೆಸಿಫಿಕ್ ದಡಕ್ಕೆ ತಂದರು. ಅಲ್ಲಿಂದ ನದಿಗಳಲ್ಲಿ ದೋಣಿಯ ಮೇಲೆ ಸಾಗಿಸಿದರು. ರಾಕೆಟ್ ಬಾಹ್ಯಾಕಾಶಕ್ಕೆ ಹೋಗಲು ಹತ್ತು ಹನ್ನೆರಡು ನಿಮಿಷ ಸಾಕು. ಅದನ್ನು ನಿಲ್ಲಿಸುವ ಪೀಠಕ್ಕೆ ಅಷ್ಟು ದೂರದ ಪಯಣ!

ಹೊಸ ಜಾಗ ಅಂದರೆ ಕೊಳಾಯಿ ಹೊಸದು, ವಾಲ್ವ್ ಹೊಸದು, ಕೇಬಲ್ ಹೊಸದು. ಯಾವ ಕ್ಷಣ ಯಾವ ವಾಲ್ವ್ ತೆಗೆಯಬೇಕೆಂದು ಹೇಳುವ ಸಾಫ್ಟ್‌ವೇರೂ ಆ ಜಾಗಕ್ಕೆ ಹೊಸದು. ಅದಕ್ಕೇ ಮೊದಲು ಹಾರದ ಒಂದು ಮಾದರಿ ರಾಕೆಟ್ಟನ್ನು ತಂದು ನಿಲ್ಲಿಸಿ ಅಭ್ಯಾಸ ಮಾಡಿದರು. ಆಮೇಲೆ ನಿಜವಾದದ್ದು ಬಂತು. ರಷ್ಯನ್ನರು ರಾಕೆಟ್ಟನ್ನು ಮಲಗಿಸಿಯೇ ಜೋಡಿಸುತ್ತಾರೆ, ಹಳಿಯ ಮೇಲೆ ಮಲಗಿಸಿಯೇ ಒಯ್ಯುತ್ತಾರೆ, ವೇದಿಕೆಯ ಹತ್ತಿರ ಎತ್ತಿ ನಿಲ್ಲಿಸುತ್ತಾರೆ. ಮಾರ್ಚ್ ಕೊನೆಗೆ ಅದೂ ಆಯಿತು.

ಜೋಡಿಸುವಾಗ ಒಂದು ಸಣ್ಣ ತಪ್ಪು ಏನು ಮಾಡುತ್ತದೆ ಎಂಬುದಕ್ಕೆ ಅವರ ಹತ್ತಿರವೇ ಪಾಠವಿತ್ತು. 2013ರ ಜುಲೈ 2ರಂದು ಒಂದು ಪ್ರೋಟಾನ್ ಮೇಲೇಳುತ್ತಿದ್ದಂತೆ ವಾಲಾಡಿ, ತಲೆಕೆಳಗಾಗಿ ಬಿದ್ದು ಸುಟ್ಟುಹೋಯಿತು. ಮೂರು ಉಪಗ್ರಹಗಳೂ ಹೋದವು. ರಾಕೆಟ್ ಎತ್ತ ತಿರುಗುತ್ತಿದೆ ಎಂದು ಅಳೆಯುವ ಕೆಲವು ಸಂವೇದಕಗಳನ್ನು ತಲೆಕೆಳಗೆ ಕೂರಿಸಿದ್ದರು. ಯಾವ ಕಡೆ ಮೇಲೆ ಎಂದು ಬಾಣದ ಗುರುತೂ ಇತ್ತು.

ಏಪ್ರಿಲ್ 10ರಂದು ಮತ್ತೆ ಪ್ರಯತ್ನ, ಮತ್ತೆ ಕೊನೆ ಕ್ಷಣದಲ್ಲಿ ತಡೆ. ಈ ಸಲ ಎಂಜಿನ್ ಶುರು ಮಾಡಿಸುವ ನಿಯಂತ್ರಣ ವ್ಯವಸ್ಥೆಯಲ್ಲಿ ತೊಂದರೆ. ರಷ್ಯಾಕ್ಕೆ ಮುಖಭಂಗ ಎಂದು ಹಲವರು ಬರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ತೊಂದರೆ ನೆಲದ ಮೇಲೆ ಸಿಕ್ಕಿದರೆ ನಾಳೆ ಮತ್ತೆ ನೋಡಬಹುದು, ಗಾಳಿಯಲ್ಲಿ ಸಿಕ್ಕಿದರೆ ಆಗುವುದಿಲ್ಲ. ನಮ್ಮ ಜಿಎಸ್‌ಎಲ್‌ವಿಯ ಮೊದಲ ಹಾರಾಟವೂ ಹೀಗೇ ನಿಂತಿತ್ತು. 2001ರ ಮಾರ್ಚ್ 28ರಂದು ಶ್ರೀಹರಿಕೋಟಾದಲ್ಲಿ ಪಕ್ಕದ ಎಂಜಿನ್‌ಗಳು ಹೊತ್ತಿಕೊಂಡಿದ್ದವು. ಒಂದರ ಬಲ ಸಾಲದು ಎಂದು ಗೊತ್ತಾಗಿ ಕಂಪ್ಯೂಟರು ಎಲ್ಲವನ್ನೂ ನಿಲ್ಲಿಸಿತು. ರಾಕೆಟ್ ಉಳಿಯಿತು. ಏಪ್ರಿಲ್ 18ರಂದು ಅದೇ ರಾಕೆಟ್ ಹಾರಿತು. ಆ ಜಿಎಸ್‌ಎಲ್‌ವಿಯ ತುದಿಯಲ್ಲಿದ್ದ ಕ್ರಯೋಜೆನಿಕ್ (ಅತಿ ತಣ್ಣನೆಯ ದ್ರವ ಇಂಧನದ) ಹಂತವನ್ನು ಕಟ್ಟಿಕೊಟ್ಟದ್ದು ಮಾಸ್ಕೋದ ಕ್ರೂನಿಚೆವ್ ಸಂಸ್ಥೆ. ಅಂಗಾರವನ್ನು ರೂಪಿಸಿದ್ದೂ ಅವರೇ.

ಏಪ್ರಿಲ್ 11, ಗುರುವಾರ, ಮಾಸ್ಕೋ ಸಮಯ ನಡುಹಗಲು 12. ಐದೂ ಎಂಜಿನ್ ಹೊತ್ತಿಕೊಂಡವು, ಅಂಗಾರ ಎದ್ದಿತು. ಕೆಳಗಿನ ಹಂತಗಳು ಒಂದೊಂದಾಗಿ ಕಳಚಿಕೊಂಡ ಮೇಲೆ ತುದಿಯ ಓರಿಯಾನ್ ಹಂತ ಒಂಟಿಯಾಗಿ ಮುಂದೆ ಹೋಯಿತು. ಅದು ಹೊತ್ತಿದ್ದು ಬೆಲೆಬಾಳುವ ಉಪಗ್ರಹವನ್ನಲ್ಲ, ಅಷ್ಟೇ ತೂಕ ತೋರಿಸುವ ಒಂದು ಡಮ್ಮಿಯನ್ನು. ಜೊತೆಗೆ ಗಗಾರಿನೆಟ್ಸ್ ಎಂಬ ಪುಟಾಣಿ ಉಪಗ್ರಹ. ಓರಿಯಾನ್ ತನ್ನ ಎಂಜಿನ್ನನ್ನು ಮತ್ತೆ ಮತ್ತೆ ಹೊತ್ತಿಸಿಕೊಂಡು, ಗಂಟೆಗಟ್ಟಲೆ ಏರುತ್ತಾ, ಆ 52 ಡಿಗ್ರಿಯ ವಾಲನ್ನು ಸ್ವಲ್ಪಸ್ವಲ್ಪವೇ ನೆಟ್ಟಗೆ ಮಾಡಿಕೊಳ್ಳುತ್ತಾ ಹೋಯಿತು.