ಮೈಕ್ ಹಿಂದಿನ ಮನುಷ್ಯನ ಫೋಟೋ

ಕಾಲೇಜು ಪತ್ರಿಕೆಗೆ ಹೊಸದಾಗಿ ಸೇರಿದ ಫೋಟೋಗ್ರಾಫರ್‌ಗೆ ಮೊದಲ ವಾರ ಸಿಗುವ ಕೆಲಸ ಹೆಚ್ಚುಕಡಿಮೆ ಒಂದೇ ತರಹದ್ದು. ಸಭಾಂಗಣದಲ್ಲಿ ಯಾರದೋ ಉಪನ್ಯಾಸವಿದೆ, ಒಂದು ಫೋಟೋ ಬೇಕು. ಕೇಳಿದವರ ಮುಖ ಸಣ್ಣದಾಗುತ್ತದೆ. ಸೂರ್ಯಾಸ್ತ, ಮಳೆಹನಿ, ಸುಕ್ಕುಗಟ್ಟಿದ ಮುಖಗಳನ್ನು ತೆಗೆಯುತ್ತ ಬಂದವರಿಗೆ ಮೈಕಿನ ಹಿಂದೆ ನಿಂತು ಕಾಗದ ಓದುವ ಮನುಷ್ಯನಲ್ಲಿ ತೆಗೆಯುವಂಥದ್ದೇನೂ ಕಾಣುವುದಿಲ್ಲ. ವಿದ್ಯಾರ್ಥಿ ಪತ್ರಿಕೆಗಳ ಫೋಟೋ ವಿಭಾಗಗಳಿಗೆ ಸಲಹೆ ಕೊಡುತ್ತ ಬಂದಿರುವ ನಾನು ಮಾತ್ರ ಆ ಕೆಲಸವನ್ನೇ ಮೊದಲು ಕೊಡಿ ಎನ್ನುತ್ತೇನೆ. ತನಗಿಷ್ಟವಾದದ್ದನ್ನು ಮಾತ್ರ ತೆಗೆಯುವವನು ಬೆಳಕು ಸರಿಯಿಲ್ಲದಿದ್ದರೆ ಕ್ಯಾಮೆರಾ ಒಳಗಿಟ್ಟು ಹೊರಟುಬಿಡಬಹುದು. ಅಸೈನ್‌ಮೆಂಟ್ ಮೇಲೆ ಬಂದವನು ಹಾಗೆ ಹೊರಡುವಂತಿಲ್ಲ. ಸಂಜೆಯೊಳಗೆ ಪುಟಕ್ಕೆ ಚಿತ್ರ ಹೋಗಲೇಬೇಕು. ಬೆಳಕು, ಜಾಗ, ವೇಳೆ, ವ್ಯಕ್ತಿ ಯಾವುದೂ ಅವನ ಆಯ್ಕೆಯಲ್ಲ. ಉಳಿಯುವುದು ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂಬ ಎರಡೇ. ಫೋಟೋಗ್ರಫಿಯಲ್ಲಿ ಕಲಿಯಬೇಕಾದ ಬಹುಪಾಲು ಇರುವುದೂ ಅಲ್ಲೇ.

ಆ ಉಪನ್ಯಾಸವನ್ನೇ ನೋಡೋಣ. ನೇರ ಎದುರು ನಿಂತರೆ ಮೈಕ್ ಬಾಯಿಗೆ ಅಡ್ಡ ಬರುತ್ತದೆ. ಮೂಗಿನ ಕೆಳಗೆ ಕರಿಯ ಉಂಡೆ ಅಂಟಿಸಿದಂತೆ ಕಾಣುತ್ತದೆ. ಒಂದು ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದರೆ ಮುಖ ಬಿಡುಗಡೆಯಾಗುತ್ತದೆ. ಯಾವ ಪಕ್ಕ ಎಂಬುದಕ್ಕೆ ಉತ್ತರ ಹಿನ್ನೆಲೆಯಲ್ಲಿದೆ: ಬ್ಯಾನರಿನ ಅಕ್ಷರಗಳು ತಲೆಯಿಂದ ಮೊಳೆತಂತೆ ಕಾಣದ ಪಕ್ಕ. ಬರೆದದ್ದನ್ನು ಓದುವವರ ಕಣ್ಣು ಕೆಳಗಿರುತ್ತದೆ, ಕ್ಯಾಮೆರಾಗೆ ಸಿಗುವುದು ರೆಪ್ಪೆ ಮಾತ್ರ. ಅವರು ತಲೆ ಎತ್ತುವುದು ವಾಕ್ಯದ ಕೊನೆಯಲ್ಲಿ. ಹಾಗಾಗಿ ಮಾತನ್ನು ಕೇಳಬೇಕು. ಕೇಳದ ಫೋಟೋಗ್ರಾಫರ್‌ಗೆ ಕೈ ಯಾವಾಗ ಮೇಲೇಳುತ್ತದೆ, ಸಭೆ ಯಾವಾಗ ನಗುತ್ತದೆ ಎಂಬುದು ಗೊತ್ತಾಗುವುದಿಲ್ಲ. ಒಳ್ಳೆಯ ಹಾವಭಾವ ಬರುವುದು ಸಾಮಾನ್ಯವಾಗಿ ಕೊನೆಯ ಪ್ರಶ್ನೋತ್ತರದಲ್ಲಿ, ಆದರೆ ಅಷ್ಟು ಹೊತ್ತಿಗೆ ಹೊಸಬರು ಎದ್ದು ಹೋಗಿರುತ್ತಾರೆ!

ಸಭಾಂಗಣದ ದೀಪಗಳದ್ದು ಇನ್ನೊಂದು ಪಾಠ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ತಿಳಿಯದು, ಕ್ಯಾಮೆರಾದೊಳಗೆ ಬೆಳಕು ಬಿಟ್ಟು ಮುಚ್ಚುವ ಶಟರ್‌ಗೆ ತಿಳಿಯುತ್ತದೆ. ಶಟರ್ ಸೆಕೆಂಡಿನ 1/500 ಭಾಗ ಮಾತ್ರ ತೆರೆದಿರುವಂತೆ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಮತ್ತೊಂದು ಮಂಕಾಗಿ ಹಳದಿಗೆ ತಿರುಗಿದ್ದರೆ ಕ್ಯಾಮೆರಾ ಕೆಟ್ಟಿದೆ ಎಂದು ಓಡಿಬರುವವರಿದ್ದಾರೆ. ಶಟರನ್ನು 1/100ಕ್ಕೆ ಇಳಿಸಿದರೆ ದೀಪದ ಒಂದು ಪೂರ್ತಿ ಏರಿಳಿತ ಪ್ರತಿ ಚಿತ್ರದಲ್ಲೂ ಸೇರುತ್ತದೆ, ವ್ಯತ್ಯಾಸ ಮಾಯವಾಗುತ್ತದೆ. 60 ಹರ್ಟ್ಸ್ ಇರುವ ದೇಶಗಳಲ್ಲಿ ಅದು 1/60 ಅಥವಾ 1/125ರ ಆಸುಪಾಸು. ಇದನ್ನು ಪುಸ್ತಕದಲ್ಲಿ ಓದಿದವರು ಮರೆಯುತ್ತಾರೆ. ಡೆಡ್‌ಲೈನ್ ಮುಂದಿಟ್ಟುಕೊಂಡು ಕಲಿತವರು ಮರೆಯುವುದಿಲ್ಲ.

ಒಳಾಂಗಣ ಕ್ರೀಡೆಯ ಅಸೈನ್‌ಮೆಂಟ್ ಬಂದಾಗ ಲೆಕ್ಕ ತಿರುಗುಮುರುಗು. ಆಟಗಾರ್ತಿ ಹಾರಿದ ಕ್ಷಣ ಮಸುಕಾಗದೆ ಬರಬೇಕಾದರೆ 1/500 ಕನಿಷ್ಠ, 1/1000 ಆದರೆ ಒಳ್ಳೆಯದು. ಕ್ಯಾಮೆರಾ ಜೊತೆ ಬಂದ ಜೂಮ್ ಲೆನ್ಸ್ ಪೂರ್ತಿ ಚಾಚಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಅದೇ ಎಫ್ 1.8ರ ಸಾಧಾರಣ 50 ಅಥವಾ 85 ಮಿ.ಮೀ. ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಜೂಮ್ ಇಲ್ಲವಲ್ಲ ಎಂದರೆ, ಕಾಲಿದೆಯಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 6400 ಎಂದು ಏರಿಸಿದರೆ ಚಿತ್ರದಲ್ಲಿ ಕಾಳು ಮೂಡುತ್ತದೆಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೇ: ಸುದ್ದಿಕಾಗದ ಶಾಯಿಯನ್ನು ಹೀರಿ ಚುಕ್ಕೆಗಳನ್ನು ಹಿಗ್ಗಿಸುತ್ತದೆ, ನಿಮ್ಮ ಚಿತ್ರದ ಸಣ್ಣ ಕಾಳುಗಳು ಅಲ್ಲಿ ಯಾರಿಗೂ ಕಾಣುವುದಿಲ್ಲ. ಅಲುಗಿದ ಮುಖ ಕಾಣುತ್ತದೆ.

ಇದೆಲ್ಲ ಕೈಗೆ ಕೂರುವ ವಿದ್ಯೆ, ಬೇಗ ಬರುತ್ತದೆ. ಬರದೆ ಸತಾಯಿಸುವುದು ಅಡಿಬರಹ. ಚಿತ್ರದಲ್ಲಿರುವವರು ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವಾಗ. ಒಬ್ಬರಿಗಿಂತ ಹೆಚ್ಚಿದ್ದರೆ ಎಡದಿಂದ ಬಲಕ್ಕೆ ಹೆಸರುಗಳು, ಅವರೇ ಬರೆಯುವ ಕಾಗುಣಿತದಲ್ಲಿ. ಇಷ್ಟು ತರಬೇಕೆಂದರೆ ಹೋಗಿ ಮಾತಾಡಲೇಬೇಕು. ದೂರದಿಂದ ಉದ್ದ ಲೆನ್ಸಿನಲ್ಲಿ ಕದ್ದು ತೆಗೆದು ಹೊರಟುಬಿಡುವ ಅಭ್ಯಾಸ ಇದರಿಂದ ತಾನಾಗಿಯೇ ಬಿಟ್ಟುಹೋಗುತ್ತದೆ. ನಾಚಿಕೆ ಸ್ವಭಾವದ ಎಷ್ಟೋ ಹುಡುಗ ಹುಡುಗಿಯರು ಅಪರಿಚಿತರ ಹತ್ತಿರ ಹೋಗುವುದನ್ನು ಕಲಿತದ್ದು ಧೈರ್ಯದ ಪಾಠದಿಂದಲ್ಲ, ಅಡಿಬರಹಕ್ಕೆ ಹೆಸರು ಬೇಕಿತ್ತು ಎಂಬ ಒಂದೇ ಕಾರಣಕ್ಕೆ. ಹೆಸರು ಕೇಳಿದ ಮೇಲೆ ಎರಡು ಮಾತು, ಎರಡು ಮಾತಾದ ಮೇಲೆ ಇನ್ನೂ ಹತ್ತಿರ ನಿಂತು ತೆಗೆಯಲು ಸಲಿಗೆ. ಎರಡನೇ ಬಾರಿ ತೆಗೆದ ಚಿತ್ರವೇ ಎಷ್ಟೋ ಸಲ ಪುಟಕ್ಕೆ ಹೋಗುತ್ತದೆ.

ದೊಡ್ಡ ಪತ್ರಿಕೆಯವರಿಗಿಲ್ಲದ ಒಂದು ಕಟ್ಟುಪಾಡು ವಿದ್ಯಾರ್ಥಿ ಪತ್ರಿಕೆಯವರಿಗಿದೆ. ಇಂದು ಯಾರ ಫೋಟೋ ತೆಗೆದಿರೋ ಅವರು ನಾಳೆ ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿರುತ್ತಾರೆ. ಚುನಾವಣೆಯಲ್ಲಿ ಸೋತು ಅತ್ತವನ ಮುಖವನ್ನು ಮೊದಲ ಪುಟದಲ್ಲಿ ಹಾಕಿದರೆ ಸೋಮವಾರ ಅವನೇ ಎದುರು ಬರುತ್ತಾನೆ. ಹಾಕಬಾರದು ಎಂದಲ್ಲ. ಹಾಕಿದ್ದಕ್ಕೆ ಅವನೆದುರು ನಿಂತು ಕಾರಣ ಹೇಳುವಂತಿರಬೇಕು. ಪತ್ರಿಕಾ ನೀತಿಯ ಮೇಲಿನ ಯಾವ ಉಪನ್ಯಾಸಕ್ಕಿಂತಲೂ ಇದು ಗಟ್ಟಿ ಶಿಕ್ಷಣ.

ವಿದ್ಯಾರ್ಥಿ ತೆಗೆದ ಚಿತ್ರ ಎಲ್ಲಿಯವರೆಗೆ ಹೋಗಬಲ್ಲದು ಎಂದು ಕೇಳುವವರಿಗೆ ಜಾನ್ ಫಿಲೋ ಅವರ ಚಿತ್ರ ತೋರಿಸುತ್ತೇನೆ. 1970ರ ಮೇ 4ರಂದು ಅಮೆರಿಕದ ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಂ ಯುದ್ಧ ಕಾಂಬೋಡಿಯಾಕ್ಕೆ ಹಬ್ಬಿದ್ದನ್ನು ವಿರೋಧಿಸಿ ಪ್ರತಿಭಟನೆ ನಡೆದಿತ್ತು. ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿದರು; ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಅಲ್ಲೇ ಓದುತ್ತಿದ್ದ, ವಿಶ್ವವಿದ್ಯಾಲಯದ ಫೋಟೋ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಫಿಲೋ, ಬಿದ್ದ ವಿದ್ಯಾರ್ಥಿಯ ಶವದ ಪಕ್ಕ ಮಂಡಿಯೂರಿ ಕೂಗುತ್ತಿದ್ದ ಬಾಲಕಿಯ ಚಿತ್ರ ತೆಗೆದರು. ಮರುವರ್ಷ ಅದಕ್ಕೆ ಅಮೆರಿಕದ ಪ್ರತಿಷ್ಠಿತ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಮೊದಲಿಗೆ ಆಕೆಯೂ ವಿದ್ಯಾರ್ಥಿನಿ ಎಂದೇ ಭಾವಿಸಲಾಗಿತ್ತು. ಮನೆ ಬಿಟ್ಟು ಬಂದಿದ್ದ 14 ವರ್ಷದ ಹುಡುಗಿ ಎಂಬುದು ಗೊತ್ತಾದದ್ದು ಆಮೇಲೆ. ಅಂಥ ಗಳಿಗೆಯಲ್ಲಿ ಹೆಸರು ಕೇಳಲಾಗದು, ಸರಿ. ಆದರೆ ಗೊತ್ತಿಲ್ಲದ್ದನ್ನು ಊಹಿಸಿ ತುಂಬಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಚಿತ್ರದಿಂದ ಇನ್ನೊಂದು ಪಾಠವೂ ಸಿಗುತ್ತದೆ. ಮೂಲದಲ್ಲಿ ಬಾಲಕಿಯ ತಲೆಯ ಹಿಂದಿನಿಂದಲೇ ಬೇಲಿಯ ಕಂಬವೊಂದು ಎದ್ದು ನಿಂತಿದೆ. ಮುಂದೆ ಯಾರೋ ಆ ಕಂಬವನ್ನು ಅಳಿಸಿಬಿಟ್ಟರು. ಕಂಬವಿಲ್ಲದ ಪ್ರತಿ ಹಲವು ಕಡೆ ಅಚ್ಚಾಯಿತು, 1995ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದಾಗ ವಿವಾದವೇ ಎದ್ದಿತು. ಕಂಬ ಹೋದದ್ದರಿಂದ ಘಟನೆಯ ಅರ್ಥವೇನೂ ಬದಲಾಗಲಿಲ್ಲವಲ್ಲ ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ವಾದಿಸಲಿ ಬಿಡಿ. ಸುದ್ದಿಚಿತ್ರದಲ್ಲಿ ಅಂಚು ಕತ್ತರಿಸಬಹುದು, ಬೆಳಕನ್ನು ಒಂದಿಷ್ಟು ಹದಗೊಳಿಸಬಹುದು. ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಕಂಬ ಬೇಡವೆಂದರೆ ಚಿತ್ರ ತೆಗೆಯುವ ಮೊದಲೇ ಒಂದು ಹೆಜ್ಜೆ ಸರಿಯಬೇಕು. ಗುಂಡು ಹಾರುವ ಜಾಗದಲ್ಲಿ ಅದು ಆಗದ ಮಾತು. ಸಭಾಂಗಣದಲ್ಲಿ ಆಗುತ್ತದೆ, ಅದಕ್ಕೇ ಅಲ್ಲಿಂದ ಶುರು ಮಾಡಿ ಎನ್ನುವುದು.

ಅಚ್ಚಾದ ಚಿತ್ರಕ್ಕಿಂತ ಅಚ್ಚಾಗದೆ ಉಳಿದವುಗಳಲ್ಲಿ ಹೆಚ್ಚು ಕಲಿಯಲಿಕ್ಕಿದೆ. ತೆಗೆದದ್ದೆಲ್ಲವನ್ನೂ, ಒಂದನ್ನೂ ಅಳಿಸದೆ, ತೆಗೆದ ಕ್ರಮದಲ್ಲೇ ಸಂಪಾದಕರ ಜೊತೆ ಕೂತು ನೋಡಿ. ಫೋಟೋಗ್ರಾಫರ್ ಎಲ್ಲಿ ಅಲುಗಾಡದೆ ನಿಂತುಬಿಟ್ಟ, ಯಾವುದಕ್ಕೆ ಹೆದರಿ ದೂರ ಸರಿದ, ಎಲ್ಲಿ ‘ಸಿಕ್ಕಿತು’ ಎಂದುಕೊಂಡು ನಿಲ್ಲಿಸಿದ ಎಂಬುದು ಆ ಸಾಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬೇಗ ನಿಲ್ಲಿಸುವುದೇ ಎಲ್ಲರ ರೋಗ. ಒಂದು ಚೆನ್ನಾಗಿ ಬಂದ ಕೂಡಲೇ ತಲೆ ಬಗ್ಗಿಸಿ ಹಿಂಬದಿಯ ಪರದೆ ನೋಡುತ್ತಾರೆ, ಅದಕ್ಕಿಂತ ಒಳ್ಳೆಯದು ಅಷ್ಟರಲ್ಲಿ ಎದುರಿನಿಂದ ಹೋಗಿಬಿಟ್ಟಿರುತ್ತದೆ. ಚಿತ್ರ ತೆಗೆದೊಡನೆ ಪರದೆಯಲ್ಲಿ ತಾನಾಗಿ ಮೂಡುವ ಸೌಲಭ್ಯವನ್ನು ಆಫ್ ಮಾಡಿಡಿ.

ಸಂಪಾದಕರಿಗೂ ಒಂದು ಮಾತಿದೆ. ‘ಉಪನ್ಯಾಸ, 4 ಗಂಟೆ, ಫೋಟೋ’ ಎಂದು ಚೀಟಿ ಬರೆದು ಕಳಿಸಿದರೆ ಬರುವುದು ಮೈಕ್ ಹಿಂದಿನ ಮನುಷ್ಯನೇ. ವರದಿ ಇರುವುದು ಶುಲ್ಕ ಏರಿಕೆಯ ಬಗ್ಗೆಯೋ, ಭಾಷಣಕಾರರ ಬಗ್ಗೆಯೋ, ಅರ್ಧ ಖಾಲಿಯಿದ್ದ ಸಭಾಂಗಣದ ಬಗ್ಗೆಯೋ? ಮೂರಕ್ಕೂ ಮೂರು ಬೇರೆ ಚಿತ್ರ ಬೇಕು. ಪುಟದಲ್ಲಿ ಅಡ್ಡ ಜಾಗವೋ, ಉದ್ದ ಜಾಗವೋ ಗೊತ್ತಿದ್ದರೆ ಅದನ್ನೂ ಬರೆಯಿರಿ. ಗೊತ್ತಿಲ್ಲದಿದ್ದರೆ ಎರಡನ್ನೂ ತರಲು ಹೇಳಿ. ವರದಿಗಾರರ ಫೋನ್ ನಂಬರ್ ಚೀಟಿಯಲ್ಲಿ ಇರಲೇಬೇಕು, ಇಬ್ಬರೂ ಹೊರಡುವ ಮೊದಲು ಒಮ್ಮೆ ಮಾತಾಡಿರಬೇಕು. ಸಾಧ್ಯವಾದರೆ ಒಟ್ಟಿಗೇ ಕಳಿಸಿ.